ದೇವರಿಗೆ ಬಿಟ್ಟ ಟಗರು

ಮೂಡಲಪಾಳ್ಯದ ಬೋರಮ್ಮನಿಗೆ ಮಗನ ಕಂಪ್ಯೂಟರ್ ಕಂಡರೆ ಆಗುತ್ತಿರಲಿಲ್ಲ. ಸೊಸೆ ಬರುವ ಮೊದಲೇ ಬಂದು ಕೂತ ಸವತಿ ಎಂದು ಅದನ್ನು ಬೈಯುತ್ತಿದ್ದಳು. ಭೈರೇಶ್ ಕೆಲಸ ಮುಗಿಸಿ ಬಂದು ಅದರ ಮುಂದೆ ಕೂತನೆಂದರೆ ಮುದ್ದೆ ಆರಿ ಕಲ್ಲಾದರೂ ಏಳುತ್ತಿರಲಿಲ್ಲ. ಅಂಥ ಬೋರಮ್ಮ ಈಗ ದಿನಾ ಬೆಳಗ್ಗೆ ಮುಖ ತೊಳೆದು, ಹಣೆಗಿಟ್ಟುಕೊಂಡು, ತಾನೇ ಹೋಗಿ ಅದೇ ಕುರ್ಚಿಯಲ್ಲಿ ಕೂರುತ್ತಿದ್ದಳು. ಮಗ ಡೆಂಗ್ಯೂ ಬಂದು ಹೋಗಿಬಿಟ್ಟಿದ್ದ. ಅವನ ಕುರಿಗಳಿಗೆ ಮೇವು ಹಾಕಲು ಇನ್ನು ಯಾರಿದ್ದರು?

ಕುರಿಗಳಿದ್ದದ್ದು ಆಟದೊಳಗೆ. ರಾಜ, ಕೋಟೆ, ಮಾಟಗಾರರು, ಬೆಂಕಿ ಉಗುಳುವ ಡ್ರ್ಯಾಗನ್, ಹೀಗೆ ಎಲ್ಲೂ ಇಲ್ಲದ ಒಂದು ಹಳೇ ಕಾಲದ ರಾಜ್ಯ. ಬೇರೆ ಬೇರೆ ಊರುಗಳ ಹುಡುಗರು ಅದರಲ್ಲಿ ಒಬ್ಬೊಬ್ಬರು ಒಂದೊಂದು ವೇಷ ಕಟ್ಟಿ, ಅಲ್ಲೇ ಹುಟ್ಟಿ ಬೆಳೆದವರ ಹಾಗೆ ಬದುಕುತ್ತಿದ್ದರು. ಸಿಕ್ಕವರೆಲ್ಲ ಸೇನಾಪತಿಗಳೇ. ಭೈರೇಶ್ ಮಾತ್ರ ಕಂಬಳಿ ಹೊದ್ದು ಕುರಿ ಸಾಕಿದ. "ಕುರಿ ಕಾಯೋಕೆ ಇಷ್ಟು ದೊಡ್ಡ ಕಂಪ್ಯೂಟರ್ ಬೇಕಿತ್ತೇನೋ ಮಗಾ?" ಎಂದು ಚಂದ್ರಾ ಲೇಔಟಿನ ಗೆಳೆಯ ಮಹದೇವ್ ರೇಗಿಸುತ್ತಿದ್ದ. ಆದರೆ ಆ ರಾಜ್ಯದಲ್ಲಿ ಚಳಿಗಾಲ ಬಂತೆಂದರೆ ಸೇನಾಪತಿಗಳೆಲ್ಲ ಉಣ್ಣೆಗಾಗಿ ಇವನ ರೊಪ್ಪದ ಬಾಗಿಲಲ್ಲಿ ಸಾಲುಗಟ್ಟಿ ನಿಲ್ಲಬೇಕಿತ್ತು. ಆ ಕುರಿರೊಪ್ಪಕ್ಕೆ ಕಲ್ಲಿನ ಗೋಡೆ ಕಟ್ಟಿದವನೂ ಅವನೇ.

ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಮಹದೇವ್ ತಲೆ ತಗ್ಗಿಸಿಕೊಂಡು ಬಂದಿದ್ದ.

"ಆಂಟಿ, ತಪ್ಪು ತಿಳ್ಕೋಬೇಡಿ. ಅವನ ಕುರಿಗಳು ಹಸಿದಿವೆ. ಅವನ ಹೆಸರಲ್ಲಿ ಒಳಗೆ ಹೋಗಿ ಯಾರಾದ್ರೂ ಮೇವು ಹಾಕ್ಬೇಕು. ಈ ಆಟದಲ್ಲಿ ಪ್ರಾಣಿ ಸತ್ರೆ ಸತ್ತಂಗೇ, ವಾಪಸ್ ಬರಲ್ಲ."

"ನಮ್ಮೋನೂ ಅಷ್ಟೇ ಅಲ್ವೇನಪ್ಪಾ," ಎಂದಳು ಬೋರಮ್ಮ.

ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಯಾವುದು ಒತ್ತಬೇಕು ತೋರಿಸು ಎಂದು ಕೂತಳು. ಮೇವು, ನೀರು, ಉಣ್ಣೆ ಕತ್ತರಿಸುವುದು, ಬಾಗಿಲು ತೆಗೆಯುವುದು, ಹಾಕುವುದು, ಇಷ್ಟನ್ನು ಅವನು ಕಲಿಸಿಕೊಟ್ಟ. ಪರದೆಯ ಮೇಲೆ ಕಂಬಳಿ ಹೊದ್ದ ಮಗ ಅವಳು ಹೇಳಿದ ಕಡೆ ನಡೆಯುತ್ತಿದ್ದ. ಬದುಕಿದ್ದಾಗ ಒಂದು ದಿನವೂ ಹೀಗೆ ಮಾತು ಕೇಳಿದವನಲ್ಲ. ಅಷ್ಟು ಸಾಕಾಗಿತ್ತು ಅವಳಿಗೆ. ಗಂಡ ರಾಮಯ್ಯ ಮೊದಮೊದಲು "ನಿಂಗೆ ತಲೆ ಕೆಟ್ಟಿದೆ ಕಣೇ" ಎಂದು ಎದ್ದು ಹೋಗುತ್ತಿದ್ದವನು, ಬರುಬರುತ್ತಾ ಬಾಗಿಲ ಬಳಿ ನಿಂತು, "ಆ ಕರೀದು ಮರಿ ಹಾಕ್ತಾ?" ಎಂದು ಕೇಳುವ ಮಟ್ಟಿಗೆ ಬಂದಿದ್ದ.

ವರ್ಷದ ತಿಥಿ ಹತ್ತಿರ ಬಂದಾಗ ಬೋರಮ್ಮನಿಗೆ ಒಂದೇ ಕೊರಗು ಹತ್ತಿಕೊಂಡಿತು. ಅವರ ಮನೆತನದಲ್ಲಿ ಹರೆಯದವರು ತೀರಿಕೊಂಡರೆ ವರ್ಷದ ದಿನ ಒಂದು ಟಗರನ್ನು ದೇವರಿಗೆ ಬಿಡಬೇಕು. ಹಣೆಗೆ ಅರಿಸಿನ ಬಳಿದು, ಕಿವಿಗೆ ಕಟ್ಟಿದ ಮನೆಯ ಗುರುತನ್ನು ಬಿಚ್ಚಿ, ಇನ್ನು ನೀನು ನಮ್ಮದಲ್ಲ ಎಂದು ಕೈಮುಗಿಯಬೇಕು. ಆಮೇಲೆ ಅದು ಯಾರ ಹೊಲ ಮೇಯ್ದರೂ ಯಾರೂ ಗದರುವಂತಿಲ್ಲ. ಬಿಡದಿದ್ದರೆ ಹೋದವನ ಜೀವ ಹೊಸಿಲಲ್ಲೇ ನಿಂತು ಒದ್ದಾಡುತ್ತದೆ ಎಂದು ಅವಳ ಅತ್ತೆ ಹೇಳಿಕೊಟ್ಟಿದ್ದಳು.

"ಯಾವ ಹೊಲಕ್ಕೆ ಬಿಡ್ತೀಯೇ?" ಎಂದ ರಾಮಯ್ಯ. "ಎಲ್ಲಾ ಸೈಟಾಗಿ ಎಷ್ಟು ಕಾಲ ಆಯ್ತು. ಚಂದ್ರಾ ಲೇಔಟ್ ಸಿಗ್ನಲ್ ದಾಟೋದ್ರೊಳಗೆ ಬಸ್ಸಿನಡಿ ಇರುತ್ತೆ."

ಅವನು ಹೇಳಿದ್ದು ನಿಜವೇ. ಆದರೆ ಹೆತ್ತ ಹೊಟ್ಟೆಗೆ ನಿಜ ಹೇಳಿ ಏನು ಪ್ರಯೋಜನ? ಬೋರಮ್ಮ ಯೋಚಿಸಿದಳು. ಬಯಲಿಗೇನು ಬರ, ಮಗನ ರಾಜ್ಯದಲ್ಲಿ ಕಣ್ಣು ಹಾಯುವವರೆಗೂ ಬಯಲಿತ್ತು. ಟಗರೂ ಅವನದೇ, ಅವನ ಕೈಯಲ್ಲೇ ಬೆಳೆದದ್ದು.

ತಿಥಿಯ ಬೆಳಗ್ಗೆ ಮಿಂದು ಮಡಿಯುಟ್ಟು ಕೂತಳು. ಮಹದೇವನನ್ನು ಕೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ದೇವರಿಗೆ ಬಿಡುವುದನ್ನು ಯಾರಾದರೂ ಕೇಳಿ ಮಾಡುತ್ತಾರೆಯೇ? ಹಿಂಡಿನ ಮುಂದಾಳು ಟಗರಿನ ಹಣೆಗೆ ಆಟದ ಹಳದಿ ಬಣ್ಣ ಬಳಿದಳು. ಕಿವಿಯ ಗುರುತಿನ ಮೇಲೆ ಒತ್ತಿದಾಗ ಇಂಗ್ಲಿಷಿನಲ್ಲಿ ಏನೋ ಉದ್ದಕ್ಕೆ ಬಂತು. ಮುಂದಾಳಿನ ಗುರುತು ತೆಗೆದರೆ ಇಡೀ ಹಿಂಡಿನ ಮೇಲೆ ನಿಮಗೆ ಹಕ್ಕಿರುವುದಿಲ್ಲ, ಒಪ್ಪಿಗೆಯೇ ಎಂದು ಅದು ಕೇಳುತ್ತಿತ್ತು. ಬೋರಮ್ಮನಿಗೆ ಓದಲು ಬಂದದ್ದು ಕೊನೆಯ 'ಯೆಸ್' ಒಂದೇ. ಒತ್ತಿದಳು. "ಇನ್ನು ನೀನು ನಮ್ಮದಲ್ಲ ಕಣಪ್ಪಾ, ಹೋಗು," ಎಂದು ಕೈಮುಗಿದು ಬಾಗಿಲು ತೆಗೆದಳು.

ಟಗರು ಹೊರಟಿತು. ಅದರ ಹಿಂದೆಯೇ ಕುರಿಗಳೂ ಮರಿಗಳೂ ಒಂದೊಂದಾಗಿ ಹೊರಬಿದ್ದವು. ಕಳಿಸಿಕೊಟ್ಟು ಬರಲು ಹೋಗುತ್ತಿವೆ, ಸಂಜೆಗೆ ತಾವೇ ಬರುತ್ತವೆ ಎಂದುಕೊಂಡಳು. ಅವಳು ಚಿಕ್ಕಂದಿನಲ್ಲಿ ಕಂಡ ಕುರಿಗಳು ಹಾಗೇ ತಾನೆ ಬರುತ್ತಿದ್ದದ್ದು. ವರ್ಷದಲ್ಲಿ ಮೊದಲ ಸಲ ಎದೆ ಹಗುರಾಯಿತು. ಎದ್ದು ಎಡೆಗೆ ಅಡಿಗೆ ಮಾಡಲು ಹೋದಳು. ಬಂದ ನೆಂಟರಿಗೆ ಬಡಿಸಿದಳು, ಕಳಿಸಿದಳು.

ಸಂಜೆ ಬಂದು ನೋಡಿದರೆ ರೊಪ್ಪ ಖಾಲಿ. ಬಯಲೂ ಖಾಲಿ. "ಬಾ, ಬಾ" ಎಂದು ಪರದೆಗೆ ಬಾಯಿಟ್ಟು ಕೂಗಿದಳು. ಮಗನನ್ನು ಗೋಡೆಯ ಸುತ್ತ ನಡೆಸಿದಳು, ಹಳ್ಳದವರೆಗೂ ನಡೆಸಿದಳು. ಹಾಕಿದ್ದ ಮೇವು ಹಾಗೇ ಇತ್ತು. ಅಷ್ಟರಲ್ಲಿ ಮಹದೇವನ ಫೋನ್ ಬಂತು.

"ಆಂಟಿ, ಬೆಳಗ್ಗಿಂದ ನಿಮಗೆ ಹೇಳಿರ್ಲಿಲ್ಲ, ಸರ್‌ಪ್ರೈಸ್ ಇರ್ಲಿ ಅಂತ. ಕೋಟೆಗೆ ಬನ್ನಿ, ದಾರಿ ಹೇಳ್ತೀನಿ."

ಅವನು ಹೇಳಿದಂತೆ ನಡೆಸಿದಳು. ಕೋಟೆಯ ಅಂಗಳದ ತುಂಬ ಪಂಜು. ಮಾಟಗಾರರು, ಸೇನಾಪತಿಗಳು ಎಲ್ಲ ಎದ್ದು ನಿಂತರು. ಉದ್ದನೆಯ ಹಲಗೆಯ ಮೇಲೆ ಸಾಲಾಗಿ ಮಾಂಸದ ತಟ್ಟೆಗಳು. ರಾಜನ ಪಕ್ಕದ ಪೀಠ ಖಾಲಿ ಬಿಟ್ಟಿದ್ದರು.

"ಭೈರೇಶನಿಗೆ ಎಡೆ ಆಂಟಿ. ಅವನಿಗೆ ಮಟನ್ ಅಂದ್ರೆ ಪ್ರಾಣ ಅಲ್ವಾ? ಎಲ್ಲಾ ಊರಿಂದ ಬಂದಿದಾರೆ ಅವನಿಗೋಸ್ಕರ."

"ಕುರಿ ಎಲ್ಲಿ ಸಿಕ್ತಪ್ಪಾ?" ಎಂದಳು ಬೋರಮ್ಮ.

"ಅದೇ ನೋಡಿ, ದೇವ್ರು ಕೊಟ್ಟಂಗೆ ಸಿಕ್ತು. ನಾನು ಇಲ್ಲೇ ಇದ್ದೆ, ಹುಬ್ಳಿ ಹುಡುಗ್ರು ಬೇಟೆಗೆ ಹೋಗಿದ್ರು. ಬಯಲಲ್ಲಿ ಒಂದು ಹಿಂಡೇ ನಿಂತಿತ್ತಂತೆ, ಗುರುತಿಲ್ಲ, ಯಜಮಾನ ಇಲ್ಲ. ಒಂದರ ಹಣೆ ಹಳದಿ ಇತ್ತಂತೆ."

"ಮರಿ ಏನಾದ್ರೂ... ಉಳೀತಾ?"

"ಇಲ್ಲ ಆಂಟಿ, ಇಷ್ಟು ಜನಕ್ಕೆ ಸಾಕಾಗ್ಬೇಕಲ್ಲ."

ಬೋರಮ್ಮ ಬಾಯಿಗೆ ಸೆರಗು ತುರುಕಿಕೊಂಡಳು. ವರ್ಷವಿಡೀ ಕಾಪಾಡಿದ್ದನ್ನು ಕೈಯಾರೆ ಬಾಗಿಲು ತೆಗೆದು ಕಳಿಸಿದವಳು ತಾನೇ. ಯಾರನ್ನು ಬೈಯಲಿ? ಈ ಹುಡುಗನಿಗೆ ಹೇಳಿದರೆ ಅವನೂ ಬದುಕಿನುದ್ದಕ್ಕೂ ಇದನ್ನು ಹೊರಬೇಕು.

"ಪೀಠದ ಮೇಲೆ ಕೂರಿಸಿ ಆಂಟಿ. ತಟ್ಟೆ ಮೇಲೆ ಒತ್ತಿ, ತಿಂತಾನೆ. ನೀವು ಒತ್ತಿದ್ರೆ ತಾನೇ ನಾವು ತಿನ್ನೋದು."

ಎಡೆ ಇಟ್ಟ ಮೇಲೆ ಹೋದವನು ಮುಟ್ಟದೆ ಉಳಿಯಬಾರದು. ಅದು ಅವಳಿಗೂ ಗೊತ್ತಿತ್ತು. ಒತ್ತಿದಳು. ಕಂಬಳಿ ಹೊದ್ದ ಮಗ ತಲೆ ಬಗ್ಗಿಸಿ ತಿನ್ನತೊಡಗಿದ. ಸುತ್ತಲಿದ್ದವರೆಲ್ಲ ಕತ್ತಿ ಎತ್ತಿ ಅವನ ಹೆಸರು ಕೂಗಿದರು. ಬೋರಮ್ಮ ಸದ್ದಿಲ್ಲದೆ ಅತ್ತಳು, ಅವನು ತಿಂದು ಮುಗಿಸುವವರೆಗೂ ಅತ್ತಳು.

"ಖುಷಿಯಾಯ್ತಾ ಆಂಟಿ?" ಮಹದೇವನ ದನಿಯೂ ಒದ್ದೆಯಾಗಿತ್ತು. "ನಾಳೆ ಬೆಳಗ್ಗೆ ನಾನೂ ಬರ್ತೀನಿ ರೊಪ್ಪಕ್ಕೆ. ಇಬ್ರೂ ಸೇರಿ ಅವನ ಕುರಿಗಳಿಗೆ ಮೇವು ಹಾಕೋಣ."

"ಹೂಂ ಕಣಪ್ಪಾ," ಎಂದಳು ಬೋರಮ್ಮ. "ಬಾ."