ಶನಿವಾರ ಮೂರು ಗಂಟೆಯ ಭಾಷಣ

ಚಾಮರಾಜಪೇಟೆಯ ಆ ವಠಾರದಲ್ಲಿ ಆರು ಸಂಸಾರಗಳಿದ್ದರೂ ರೇಡಿಯೋ ಇದ್ದದ್ದು ಒಂದೇ. ಅದು ವಠಾರದ ಮಾಲೀಕರಾದ ವೃಷಭೇಂದ್ರಪ್ಪನವರ ಮನೆಯ ಕಿಟಕಿಯಲ್ಲಿ ಕೂತಿತ್ತು. ಬಳೇಪೇಟೆಯಲ್ಲಿ ಬಳೆ ವ್ಯಾಪಾರ ಮಾಡುವ ಅವರಿಗೆ ಮನೆಯಲ್ಲಿ ಕೂತು ಕೇಳಲು ಪುರಸೊತ್ತಿರಲಿಲ್ಲ. ಅವರ ಹೆಂಡತಿ ವಿಶಾಲಾಕ್ಷಮ್ಮ ರೇಡಿಯೋದ ಮುಖವನ್ನು ಜಗಲಿಯ ಕಡೆಗೆ ತಿರುಗಿಸಿಟ್ಟು, ಬಾಡಿಗೆಯವರೂ ಕೇಳಲಿ ಎಂದು ಜಗಲಿಯ ಮೇಲೆ ಒಂದು ಚಾಪೆ ಹಾಸಿರುತ್ತಿದ್ದರು.

ಆ ಚಾಪೆಯ ಮೇಲೆ ದಿನವೂ ತಪ್ಪದೆ ಕೂರುತ್ತಿದ್ದವರು ಮೂರನೇ ಮನೆಯ ತುಳಸಮ್ಮ. ಅರವತ್ತು ದಾಟಿತ್ತು. ಓದು ಬರಹ ಹೆಚ್ಚಿರಲಿಲ್ಲ. ಆದರೆ ರೇಡಿಯೋದಲ್ಲಿ ಯಾರು ಬಾಯಿ ಬಿಟ್ಟರೂ ಅವರಿಗೊಂದು ಉತ್ತರ ಕೊಡದೆ ಬಿಡುತ್ತಿರಲಿಲ್ಲ. ಪ್ರಶ್ನೆ ಕೇಳುವ ಕಾರ್ಯಕ್ರಮ ಬಂದರೆ, "ಉತ್ತರ ಅವನ ಕೈಯಲ್ಲೇ ಇದೆ. ಮತ್ತೆ ಆ ಹುಡುಗೀನ ಯಾಕೆ ಗೋಳು ಹುಯ್ಕೋತಾನೆ?" ಎನ್ನುವರು. ಇಬ್ಬರು ವಿದ್ವಾಂಸರು ಚರ್ಚೆಗೆ ಕೂತರೆ, "ಒಬ್ರು ಒಪ್ಕೊಂಡ್ಬಿಟ್ರೆ ಇಬ್ರೂ ಎದ್ದು ಮನೆಗೆ ಹೋಗ್ಬೇಕಾಗತ್ತಲ್ಲ, ಅದಕ್ಕೇ ಒಪ್ಪಲ್ಲ" ಎನ್ನುವರು. ಗೊಬ್ಬರದ ಬಗ್ಗೆ ಮಾತಾಡಿದ ಒಬ್ಬರನ್ನು, "ಈತನ ಕಾಲಿಗೆ ಮಣ್ಣು ಮೆತ್ತಿದ್ದಿಲ್ಲ" ಎಂದು ಎರಡನೇ ವಾಕ್ಯಕ್ಕೇ ತಳ್ಳಿಹಾಕಿದ್ದರು. ಬೇರೆ ಹೆಂಗಸರು ಸೆರಗು ಅಡ್ಡ ಹಿಡಿದು ನಗುತ್ತಿದ್ದರು. ತುಳಸಮ್ಮ ಮಾತ್ರ ನಗಿಸಲೆಂದು ಹೇಳಿದವರಲ್ಲ. ಅವರಿಗೆ ಅನ್ನಿಸಿದ್ದು ಬಾಯಿಗೆ ಬರುತ್ತಿತ್ತು, ಅಷ್ಟೆ.

ತುಳಸಮ್ಮನ ಸೊಸೆ ಭಾಗೀರಥಿ ಹತ್ತಿರದ ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿ. ಗಂಡ ಬದರೀನಾರಾಯಣ ಅವೆನ್ಯೂ ರಸ್ತೆಯ ಒಂದು ಕಾಗದದ ಅಂಗಡಿಯಲ್ಲಿ ಗುಮಾಸ್ತ. ಮಕ್ಕಳು ಇಬ್ಬರು. ಬೆಳಗ್ಗೆ ನಾಲ್ಕೂವರೆಗೆ ವಠಾರದ ನಲ್ಲಿಯ ಮುಂದೆ ಬಿಂದಿಗೆ ಸಾಲು ಹಚ್ಚುವುದರಿಂದ ಹಿಡಿದು ಸಂಜೆಯ ಅಡುಗೆ, ಪಾತ್ರೆಯವರೆಗೆ ಎಲ್ಲ ಭಾಗೀರಥಿಯದೇ. ನಡುವೆ ಶಾಲೆ. ಅವಳು ಯಾರ ಮೇಲೂ ದೂರು ಹೇಳಿದವಳಲ್ಲ. ದೂರು ಹೇಳುವುದಕ್ಕೂ ಸ್ವಲ್ಪ ಶಕ್ತಿ ಬೇಕಾಗುತ್ತಿತ್ತು.

೧೯೫೭ರ ಶ್ರಾವಣದಲ್ಲಿ ಶಾಲೆಯ ಹೆಡ್‌ಮಿಸ್ಟ್ರೆಸ್ ಶೈಲಜಮ್ಮ ಅವಳನ್ನು ಕರೆಸಿದರು.

"ರೇಡಿಯೋದವರು ಮಹಿಳಾ ಕಾರ್ಯಕ್ರಮಕ್ಕೆ ಒಂದು ಭಾಷಣ ಬೇಕು ಅಂತ ಕಾಗದ ಬರೆದಿದ್ದಾರೆ. ಹೊರಗೆ ದುಡಿಯೋ ಗೃಹಿಣಿಯ ದಿನಚರಿ ಅಂತ ವಿಷಯ. ಹತ್ತು ನಿಮಿಷ. ನಂಗೆ ಮದುವೆಯಾಗಿಲ್ಲ, ನಾನೇನು ಹೇಳ್ಲಿ? ನೀವು ಹೋಗಿ."

ಭಾಗೀರಥಿ ಆಗಲಿ ಎಂದಳು. ಆಗುವುದಿಲ್ಲ ಎಂದಿದ್ದರೆ ಕಾರಣ ಕೊಡಬೇಕಾಗುತ್ತಿತ್ತು.

ಆ ಭಾನುವಾರ ಮಧ್ಯಾಹ್ನ ಕೂತು ನಾಲ್ಕು ಪುಟ ಬರೆದಳು. ಬರೆಯುತ್ತಾ ಹೋದ ಹಾಗೆ ಕೈ ತಾನಾಗಿಯೇ ಓಡಿತು. ನಲ್ಲಿಯ ಹತ್ತಿರ ನಿಂತೇ ತೂಕಡಿಸಿದ್ದು, ಅನ್ನ ಹೊತ್ತಿದ ದಿನ ಮನೆಯವರೆಲ್ಲ ಸುಮ್ಮನೆ ಉಂಡದ್ದು, ತರಗತಿಯಲ್ಲಿ ಮಗ್ಗಿ ಹೇಳಿಸುತ್ತಾ ನಡುವೆ ಲೆಕ್ಕ ತಪ್ಪಿ ಹುಡುಗಿಯರು ಒಬ್ಬರನ್ನೊಬ್ಬರು ನೋಡಿಕೊಂಡದ್ದು. ಕೊನೆಗೆ ಓದಿ ನೋಡಿದರೆ ಗಂಡನ ಮೇಲೆ, ಅತ್ತೆಯ ಮೇಲೆ ಊರಿಗೆಲ್ಲ ಚಾಡಿ ಹೇಳಿದ ಹಾಗಿತ್ತು. ಹರಿದು ಒಲೆಗೆ ಹಾಕಿದಳು. ಇನ್ನೊಂದು ಬರೆದಳು. ಎರಡನೆಯದು ಅರ್ಧ ಗಂಟೆಯಲ್ಲಿ ಮುಗಿಯಿತು. ಅದರಲ್ಲಿ ಎಲ್ಲವೂ ಚೆನ್ನಾಗಿತ್ತು.

ರೇಡಿಯೋದವರು ಅದನ್ನು ಮೊದಲೇ ಓದಿಸಿ ಟೇಪಿನಲ್ಲಿ ತೆಗೆದುಕೊಂಡರು. ಮುಂದಿನ ಶನಿವಾರ ಮೂರು ಗಂಟೆಗೆ ಬರುತ್ತದೆ ಎಂದು ತಿಳಿಸಿದರು. ಭಾಗೀರಥಿ ಗಂಡನಿಗೆ ಹೇಳಿದಳು.

"ಹೌದಾ? ಒಳ್ಳೇದಾಯ್ತು" ಎಂದು ಬದರೀನಾರಾಯಣ ಮತ್ತೆ ಪೇಪರು ನೋಡಿದ. ಮಾರನೆಯ ದಿನಕ್ಕೆ ಅವನಿಗೆ ಮರೆತೇಹೋಗಿತ್ತು. ಅತ್ತೆಗೆ ಅವಳು ಹೇಳಲಿಲ್ಲ. ಅವರು ರೇಡಿಯೋದವರನ್ನು ಆಡಿಕೊಳ್ಳುವ ಮಾತು ಎಷ್ಟೋ ವರ್ಷದಿಂದ ಕೇಳಿದ್ದವಳು.

ಶನಿವಾರ ಶಾಲೆ ಅರ್ಧ ದಿನ. ಊಟ ಮುಗಿಸಿ ಮೂರು ಗಂಟೆಗೆ ಮನೆಯೊಳಗೇ ಇದ್ದುಬಿಡಬೇಕು ಅಂದುಕೊಂಡಿದ್ದಳು. ಅಷ್ಟರಲ್ಲಿ ತುಳಸಮ್ಮ ಜಗಲಿಯಿಂದ ಕೂಗಿದರು.

"ಭಾಗೀರಥಿ, ಅಕ್ಕಿ ಮೊರ ತಗೊಂಡು ಬಾರೆ. ಇಲ್ಲೇ ಬೆಳಕಲ್ಲಿ ಕೂತು ಕಲ್ಲು ಆರಿಸ್ಬಿಡು."

ಮೊರ ಹಿಡಿದು ಬಂದು ಕಂಬದ ಪಕ್ಕ ಕೂತಳು. ವಿಶಾಲಾಕ್ಷಮ್ಮ ಗುಂಡಿ ತಿರುಗಿಸಿದಾಗ ಮೂರು ಹೊಡೆದಾಗಿತ್ತು. ರೇಡಿಯೋ ಬಿಸಿಯಾಗಿ ದನಿ ಬರುವುದಕ್ಕೆ ಇನ್ನೊಂದು ನಿಮಿಷ ಹಿಡಿಯಿತು. ಹೀಗಾಗಿ ಯಾರ ಭಾಷಣ ಎಂದು ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ತೆಳ್ಳಗಿನ ಒಂದು ಹೆಣ್ಣುದನಿ ನಡುವಿನಿಂದ ಶುರುವಾಯಿತು. ಅದು ತನ್ನದೇ ದನಿ ಎಂದು ಭಾಗೀರಥಿಗೂ ಒಂದು ಗಳಿಗೆ ಗೊತ್ತಾಗಲಿಲ್ಲ. ಮಾತುಗಳ ಗುರುತು ಸಿಕ್ಕಿತು.

"...ಮನೆಯವರೆಲ್ಲರ ಸಹಕಾರವಿದ್ದರೆ ಗೃಹಿಣಿಗೆ ಯಾವ ಕೆಲಸವೂ ಭಾರವಲ್ಲ. ನಮ್ಮ ಮನೆಯಲ್ಲಿ ಬೆಳಗಿನ ನೀರನ್ನು ನನ್ನ ಪತಿಯವರೇ ತುಂಬುತ್ತಾರೆ..."

"ಅದೃಷ್ಟವಂತೆ" ಎಂದರು ತುಳಸಮ್ಮ. "ಬೇರೆ ಯಾವ್ದೋ ಊರಿನ ಗಂಡ ಇರ್ಬೇಕು."

"...ಅತ್ತೆಯವರು ತರಕಾರಿ ಹೆಚ್ಚಿಕೊಡುತ್ತಾರೆ..."

"ಪುಸ್ತಕ ನೋಡ್ಕೊಂಡು ಓದ್ತಿದಾಳೆ ಇವ್ಳು. ಉಸಿರು ಎಲ್ಲಿ ತಗೋಬೇಕು ಅಂತಾನೂ ಬರ್ಕೊಂಡಿದಾಳೆ."

ವಿಶಾಲಾಕ್ಷಮ್ಮ ನಕ್ಕರು. ಭಾಗೀರಥಿ ಮೊರದ ಮೇಲೆ ಬಗ್ಗಿ ಒಂದೇ ಕಲ್ಲನ್ನು ಹುಡುಕುತ್ತಿದ್ದಳು.

"...ಸಂಜೆ ಮನೆಗೆ ಬಂದು ಮಕ್ಕಳ ನಗುಮುಖವನ್ನು ಕಂಡೊಡನೆ ದಿನದ ದಣಿವೆಲ್ಲ ಮಾಯವಾಗುತ್ತದೆ."

"ಮಾಯವಾಗತ್ತಂತೆ" ಎಂದರು ತುಳಸಮ್ಮ. "ಎಲ್ಲಿಗೆ ಹೋಗತ್ತೆ? ನಮ್ಮ ಭಾಗೀರಥಿ ಸಂಜೆ ಬಂದು, ಚಪ್ಪಲಿ ಬಿಡೋಕ್ಮುಂಚೆ, ಗೋಡೆ ಹಿಡ್ಕೊಂಡು ಕಣ್ಣು ಮುಚ್ಕೊಂಡು ನಿಂತ್ಕೋತಾಳೆ. ದಿನಾ. ಆಮೇಲೆ ಮುಖ ಸರಿ ಮಾಡ್ಕೊಂಡು ಒಳಗೆ ಬರ್ತಾಳೆ. ಈವಮ್ಮನ ಮನೇಲಿ ಮೂರು ಜನ ಆಳುಗಳಿರ್ಬೇಕು."

ಭಾಗೀರಥಿಯ ಬೆರಳು ನಿಂತಿತು. ಬಾಗಿಲ ಬಳಿ ತಾನು ಹಾಗೆ ನಿಲ್ಲುವುದು ನಿಜ. ಅದನ್ನು ಯಾರೂ ಕಂಡಿಲ್ಲವೆಂದೇ ಅವಳು ತಿಳಿದಿದ್ದಳು.

ಭಾಷಣ ಮುಗಿಯಿತು. "ಇದುವರೆಗೆ ಶ್ರೀಮತಿ ಭಾಗೀರಥಿ ಬದರೀನಾರಾಯಣ ಅವರ ಭಾಷಣ ಕೇಳಿದಿರಿ" ಎಂದು ರೇಡಿಯೋ ಹೇಳಿತು.

ವಿಶಾಲಾಕ್ಷಮ್ಮ ಭಾಗೀರಥಿಯನ್ನು ನೋಡಿದರು, ತುಳಸಮ್ಮನನ್ನು ನೋಡಿದರು, ಆಮೇಲೆ ಕಾಫಿಗೆ ನೀರಿಡಬೇಕು ಎನ್ನುತ್ತಾ ಒಳಗೆ ಹೋದರು. ತುಳಸಮ್ಮ ಮೊಣಕಾಲು ಊರಿಕೊಂಡು ಎದ್ದು, ಮೊರವನ್ನು ತಾವೇ ಎತ್ತಿಕೊಂಡು ಮನೆ ಕಡೆ ನಡೆದರು. ಭಾಗೀರಥಿ ಹಿಂದೆ ಹೋದಳು.

ಅಡುಗೆಮನೆಯಲ್ಲಿ ಮೊರ ಕೆಳಗಿಟ್ಟು ತುಳಸಮ್ಮ ಕೇಳಿದರು, "ನಾನು ಯಾವತ್ತು ತರಕಾರಿ ಹೆಚ್ಚಿಕೊಟ್ಟೆ?"

"ಇಲ್ಲ ಅತ್ತೆ."

"ಮತ್ತೆ ಯಾಕೆ ಹಾಗಂದೆ?"

"ಮೊದ್ಲು ಇದ್ದದ್ದೇ ಬರ್ದಿದ್ದೆ. ಓದಿದ್ರೆ ನಿಮ್ಮನ್ನೆಲ್ಲ ಬೈದ ಹಾಗಿತ್ತು. ಹರಿದ್ಹಾಕ್ದೆ."

ತುಳಸಮ್ಮ ಮಣೆ ಎಳೆದುಕೊಂಡು ಕೂತರು. ಭಾಗೀರಥಿ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳಿಗೆ ಸಿಟ್ಟು ಬರಬೇಕಿತ್ತು. ಬರುತ್ತಿರಲಿಲ್ಲ.

"ನಾನು ಗೋಡೆ ಹಿಡ್ಕೊಂಡು ನಿಲ್ಲೋದನ್ನ ದಿನಾ ನೋಡ್ತಿದ್ರಲ್ಲ" ಎಂದಳು. "ಒಂದಿನಾನೂ ಕೇಳ್ಲಿಲ್ಲ."

ತುಳಸಮ್ಮ ಮೊರದ ಅಕ್ಕಿಯನ್ನು ಕೈಯಿಂದ ಹರವಿದರು.

"ಕೇಳಿದ್ರೆ ಏನಾದ್ರೂ ಮಾಡ್ಬೇಕಾಗ್ತಿತ್ತಲ್ಲ" ಎಂದರು. "ನಂಗೂ ಸಾಕಾಗಿತ್ತು ಕಣೆ. ಹತ್ತು ವರ್ಷದವಳು ಈ ಮನೆ ಸೇರ್ದೆ. ನಲವತ್ತು ವರ್ಷ ಬಾವಿ ಸೇದ್ದೆ, ಹತ್ತು ಜನಕ್ಕೆ ಬೇಯಿಸ್ದೆ. ನೀನು ಬಂದ ಮೇಲೆ ಕೂತೆ. ಕೂತ್ಮೇಲೆ ಏಳೋಕೆ ಆಗ್ಲಿಲ್ಲ. ನನ್ನನ್ನೂ ಯಾರೂ ಕೇಳಿರ್ಲಿಲ್ಲ."

ಅಂಥ ಮಾತನ್ನು ಅತ್ತೆಯ ಬಾಯಲ್ಲಿ ಭಾಗೀರಥಿ ಮದುವೆಯಾಗಿ ಬಂದ ಹನ್ನೆರಡು ವರ್ಷದಲ್ಲಿ ಮೊದಲ ಸಲ ಕೇಳಿದಳು. ಕಾಫಿ ಮಾಡಿ ಎರಡು ಲೋಟಕ್ಕೆ ಬಗ್ಗಿಸಿ, ಒಂದನ್ನು ಅವರ ಮುಂದಿಟ್ಟು, ತಾನೂ ಅಲ್ಲೇ ನೆಲದ ಮೇಲೆ ಕೂತು ಕುಡಿದಳು.

ಸೋಮವಾರ ಬೆಳಗ್ಗೆ ನಾಲ್ಕೂಕಾಲಿಗೆ ಅವಳು ಏಳುವ ಹೊತ್ತಿಗೆ ತುಳಸಮ್ಮ ಮಗನ ಹಾಸಿಗೆಯ ಪಕ್ಕ ನಿಂತಿದ್ದರು.

"ಏಳೋ ಬದರಿ. ನೀರು ನೀನೇ ತುಂಬ್ತೀಯ ಅಂತ ರೇಡಿಯೋದಲ್ಲಿ ಬಂದಿದೆ. ಊರಿಗೆಲ್ಲ ಗೊತ್ತಾಗಿದೆ."

"ಯಾರಮ್ಮ ಹೇಳಿದ್ದು?"

"ನಿನ್ನ ಹೆಂಡ್ತಿ. ನೀನು ಕೇಳ್ಸ್ಕೊಂಡಿಲ್ಲ."

ಬದರೀನಾರಾಯಣ ಕಣ್ಣುಜ್ಜಿಕೊಂಡು ಬಿಂದಿಗೆ ಹಿಡಿದು ಹೋದ. ನಲ್ಲಿಯ ಹತ್ತಿರ ಸಾಲು ಎಲ್ಲಿ ಶುರು, ಎಲ್ಲಿ ಕೊನೆ ಎಂದು ತಿಳಿಯದೆ ನಿಂತವನಿಗೆ ಹೆಂಗಸರು ದಾರಿ ಬಿಟ್ಟರು. ಆ ತಿಂಗಳೆಲ್ಲ ತುಂಬಿದ. ಆಮೇಲೆ ಬೆನ್ನು ಹಿಡಿಯಿತೆಂದು ವಾರಕ್ಕೆ ಮೂರು ದಿನಕ್ಕೆ ಇಳಿಸಿದ. ತುಳಸಮ್ಮ ಈಳಿಗೆಮಣೆಯ ಮುಂದೆ ಕೂತು ತರಕಾರಿ ಹೆಚ್ಚತೊಡಗಿದರು. ಕೈಗೆ ರೂಢಿ ತಪ್ಪಿತ್ತು, ಹೋಳುಗಳು ಒಂದು ದೊಡ್ಡದು ಒಂದು ಚಿಕ್ಕದು ಆಗಿ ಹುಳಿಯಲ್ಲಿ ಅರ್ಧ ಬೆಂದು ಅರ್ಧ ಕರಗುತ್ತಿದ್ದವು. ಎಲ್ಲರೂ ಅದನ್ನೇ ಉಂಡರು. ಭಾಗೀರಥಿಗೆ ಬೆಳಗ್ಗೆ ಅರ್ಧ ಗಂಟೆ ಹೆಚ್ಚು ನಿದ್ದೆ ಸಿಕ್ಕಿತು. ಹನ್ನೆರಡು ವರ್ಷದ ಆಯಾಸ ಅದರಿಂದ ಹೋಗುವಂಥದ್ದಾಗಿರಲಿಲ್ಲ.

ದಸರೆ ರಜಕ್ಕೆ ಮುಂಚೆ ಶೈಲಜಮ್ಮ ಇನ್ನೊಂದು ಕಾಗದ ತೋರಿಸಿದರು. ಭಾಷಣ ಕೇಳಿದವರು ಮೆಚ್ಚಿದ್ದಾರಂತೆ, ಹಬ್ಬದ ದಿನಗಳ ಬಗ್ಗೆ ಇನ್ನೊಂದು ಬೇಕಂತೆ.

"ನನ್ನ ಕೈಲಾಗಲ್ಲ ಮೇಡಂ" ಎಂದಳು ಭಾಗೀರಥಿ.

"ಯಾಕೆ? ಚೆನ್ನಾಗೇ ಮಾತಾಡಿದ್ರಿ."

"ಸುಸ್ತಾಗತ್ತೆ."

ಶೈಲಜಮ್ಮ ಒತ್ತಾಯ ಮಾಡಲಿಲ್ಲ. ಕಾಗದವನ್ನು ಮಡಿಸಿ ಮೇಜಿನ ಖಾನೆಗೆ ಹಾಕಿದರು. ಭಾಗೀರಥಿ ತರಗತಿಗೆ ಹಿಂತಿರುಗಿದಳು. ನಲವತ್ತೆರಡು ಕಾಪಿ ಪುಸ್ತಕ ತಿದ್ದುವುದಿತ್ತು. ಗಂಟೆ ಹೊಡೆಯುವ ತನಕ ಹನ್ನೊಂದು ತಿದ್ದಿದಳು. ಉಳಿದವನ್ನು ಎಂದಿನ ಹಾಗೆ ಮನೆಗೆ ಒಯ್ಯದೆ ಬೀರುವಿನಲ್ಲಿಟ್ಟು ಬೀಗ ಹಾಕಿದಳು.