ಅದೇ ಥರ ಇನ್ನೊಂದು ಸಲ

ಬೆಳಗ್ಗೆ ಏಳೂವರೆಗೆ ಲೋರ್ನಾ ಗಿಲೀಸ್ ಮೇಕಪ್ ಕುರ್ಚಿಯಲ್ಲಿ ಕಣ್ಣುಮುಚ್ಚಿ ಕೂತಿದ್ದಾಗ ಯಾರೋ ಅವಳ ತೊಡೆಯ ಮೇಲೆ ನಾಲ್ಕು ಗುಲಾಬಿ ಹಾಳೆ ಇಟ್ಟು ಹೋದರು. ಕಣ್ಣು ಬಿಟ್ಟು ನೋಡಿದವಳ ಎದೆ ಧಸಕ್ಕೆಂದಿತು.

ಬಿಳಿ ಹಾಳೆಯೆಂದರೆ ಮೊದಲು ಬರೆದ ಮಾತು. ನೀಲಿಯೆಂದರೆ ತಿದ್ದಿದ್ದು. ಗುಲಾಬಿಯೆಂದರೆ ತಿದ್ದಿದ್ದನ್ನು ಮತ್ತೆ ತಿದ್ದಿದ್ದು. ಬರೆಯುವ ಮಹಾಶಯರಿಗೇನು, ರಾತ್ರಿ ಮಲಗುವ ಮುಂಚೆ ಒಂದು ಸಾಲು ಹೊಳೆದರೆ ಗೀಚಿ ಕಳಿಸುತ್ತಾರೆ. ಬೆಳಗ್ಗೆ ಅದನ್ನು ಬಾಯಿಗೆ ತಂದುಕೊಳ್ಳುವ ಕರ್ಮ ಇನ್ನೊಬ್ಬರದು. ಬಿಳಿ, ನೀಲಿ ಹಾಳೆಯ ಮಾತನ್ನು ಲೋರ್ನಾ ಹದಿನೈದು ದಿನ ಉರು ಹೊಡೆದಿದ್ದಳು. ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡು, ಪಾತ್ರೆ ತೊಳೆಯುವಾಗ, ಮೆಟ್ಟಿಲು ಹತ್ತುವಾಗ, ಹಲ್ಲುಜ್ಜುವಾಗಲೂ ಅದನ್ನೇ ಗುನುಗಿದ್ದಳು. ಒಂದು ಕಾಲದಲ್ಲಿ ಮೊಟ್ಟೆ ಬೇಯುವುದರೊಳಗೆ ಎರಡು ಪುಟ ಕಲಿತು ಎದ್ದು ಬರುತ್ತಿದ್ದ ಹೆಂಗಸು ಅವಳು. ಈಗ ಆ ಹದಿನೈದು ದಿನವೂ ಹೊಳೆಗೆ ಸುರಿದ ಹಾಗಾಯಿತು.

‘ರೆನ್ನಿ’ ಇಪ್ಪತ್ತಾರು ವರ್ಷದಿಂದ ಟಿವಿಯಲ್ಲಿ ನಡೆದುಬಂದ ಪತ್ತೇದಾರಿ ಧಾರಾವಾಹಿ. ಗ್ಲಾಸ್ಗೋದಲ್ಲಿ ನಿಜವಾಗಿ ಕೊಲೆಯಾದವರಿಗಿಂತ ಅದರಲ್ಲಿ ಸತ್ತವರೇ ಹೆಚ್ಚು ಎಂದು ಟ್ಯಾಕ್ಸಿಯವರು ನಗುತ್ತಾರೆ. ಮೊದಲ ಹನ್ನೊಂದು ವರ್ಷ ಇನ್‌ಸ್ಪೆಕ್ಟರ್ ರೆನ್ನಿಯಾಗಿದ್ದವನು ಯೂವರ್ಟ್ ಮಕ್‌ಕ್ರೇ. ಒಂದು ಕಥೆಯ ಅರ್ಧ ಚಿತ್ರೀಕರಣವಾಗಿದ್ದಾಗ, ಭಾನುವಾರದ ದಿನ, ಹೃದಯ ನಿಂತು ಹೋಗಿಬಿಟ್ಟ. ಕಂಪನಿಯವರು ಮೂರು ತಿಂಗಳು ಅತ್ತರು, ಆಮೇಲೆ ಲೆಕ್ಕ ಹಾಕಿದರು, ಕಥೆಯಲ್ಲೂ ರೆನ್ನಿಯನ್ನು ಸಾಯಿಸಿದರು, ಧಾರಾವಾಹಿಯ ಹೆಸರು ಮಾತ್ರ ಬದಲಿಸಲಿಲ್ಲ. ಹೀಗೆ ಸತ್ತವನ ಹೆಸರಿನ ಧಾರಾವಾಹಿಯಲ್ಲಿ ಬೇರೆ ಹೆಸರಿನ ಇನ್‌ಸ್ಪೆಕ್ಟರ್ ಒಬ್ಬ ಕೊಲೆಗಾರರನ್ನು ಹಿಡಿಯತೊಡಗಿದ. ಆ ಎರಡನೆಯವನು ಹದಿನೈದು ವರ್ಷ ನೆನೆದು, ಈ ಊರಿನ ಮಳೆ ಸಾಕಪ್ಪಾ ಎಂದು ಲಂಡನ್ನಿನ ನಾಟಕಕ್ಕೆ ಹೊರಟುಹೋದ. ಇವತ್ತು ಮೂರನೆಯವನ ಮೊದಲ ದಿನ. ಈ ಮೂವರಿಗೂ ಬಾಗಿಲು ತೆರೆದವಳು, ಹೆಣ ತೋರಿಸಿದವಳು, ಸಾರ್ಜಂಟ್ ಬೆತ್. ಆ ಬೆತ್ ಆಗಿದ್ದವಳು ಲೋರ್ನಾ. ಅವಳಿಗೀಗ ಅರವತ್ತಮೂರು.

ಹೆದರಿಕೆ ಶುರುವಾದದ್ದು ಎರಡು ಚಳಿಗಾಲದ ಹಿಂದೆ, ನೆಲದಡಿಯ ರೈಲಿನಲ್ಲಿ. ಆ ರೈಲು ಊರಿನ ಕೆಳಗೆ ಸುತ್ತು ಹೊಡೆದು ಹೊರಟಲ್ಲಿಗೇ ಬರುತ್ತದೆ. ಲೋರ್ನಾ ಮೂರು ಸುತ್ತು ಕೂತೇ ಇದ್ದಳು. ಇಳಿಯಬೇಕಾದ ನಿಲ್ದಾಣ ಯಾವುದೆಂದು ತಲೆಗೆ ಬರಲಿಲ್ಲ. ಎದುರಿಗೆ ಕೂತವರು ‘ಓ, ಬೆತ್’ ಎಂದು ಗುರುತು ಹಿಡಿದು ನಕ್ಕರು, ಇವಳೂ ನಕ್ಕಳು. ನಾಲ್ಕನೇ ಸುತ್ತಿಗೆ ಹಿಲ್‌ಹೆಡ್ ಎಂಬ ಫಲಕ ಕಂಡಾಗ ಕಾಲುಗಳೇ ಎದ್ದು ಅವಳನ್ನು ಹೊರಗೆ ಕರೆದುಕೊಂಡು ಹೋದವು. ಮನೆಗೆ ಬಂದು ಬೂಟೂ ಬಿಚ್ಚದೆ ಹಾಸಿಗೆಯ ಅಂಚಿನಲ್ಲಿ ಕೂತು ನಡುಗಿದಳು. ಅವಳ ತಾಯಿ ಪೇಸ್ಲಿಯ ವೃದ್ಧಾಶ್ರಮದಲ್ಲಿ ಆರು ವರ್ಷ ಮಗಳನ್ನು ‘ನರ್ಸಮ್ಮಾ’ ಎಂದು ಕರೆದು ಸತ್ತಿದ್ದಳು. ದಾರಿ ಎಲ್ಲಿಗೆ ಹೋಗುತ್ತದೆಂದು ಲೋರ್ನಾಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಯಾರಿಗೂ ಹೇಳಲಿಲ್ಲ. ಹೇಳಿದರೆ ಬರೆಯುವವರು ಸಾರ್ಜಂಟ್ ಬೆತ್‌ಳನ್ನು ಒಂದೇ ಪುಟದಲ್ಲಿ ಮುಗಿಸಿಬಿಡುತ್ತಾರೆ, ಅವರಿಗೆ ಅದು ಎಡಗೈ ಕೆಲಸ. ಬೆತ್ ಹೋದರೆ ಲೋರ್ನಾ ಎಂದು ಉಳಿಯುವುದೇನು? ಗಂಡ ಮಕ್ಕಳಿಲ್ಲ. ಅವಳಿಗೆ ಗೊತ್ತಿದ್ದ ಜನವೆಲ್ಲ ಚಿತ್ರೀಕರಣ ನಡೆಯುವ ಮೇರಿಹಿಲ್‌ನ ಈ ಹಳೆಯ ವಿಸ್ಕಿ ಗೋದಾಮಿನೊಳಗೇ ಇತ್ತು. ಇಲ್ಲಿಗೆ ಬರುವ ಮಟ್ಟಿಗೆ ಅವಳು ಅವಳಾಗಿರುತ್ತಿದ್ದಳು. ಯೂವರ್ಟ್ ಹಾಗೆ ನಡುವೆ ಕೈಕೊಟ್ಟ ಮೇಲೆ ಕಂಪನಿಯವರು ಪ್ರತಿ ವರ್ಷ ವಿಮೆಯ ಡಾಕ್ಟರನ್ನು ಕರೆಸುತ್ತಿದ್ದರು. ಆ ಪುಣ್ಯಾತ್ಮ ಲೋರ್ನಾಳ ಎದೆ ಕೇಳಿದ, ರಕ್ತ ತೆಗೆದ, ಮಂಡಿ ತಟ್ಟಿದ, ಇನ್ನೂ ಇಪ್ಪತ್ತು ವರ್ಷ ಓಡುತ್ತೀರಿ ಎಂದ. ಇವತ್ತು ಯಾವ ವಾರ ಎಂದು ಮಾತ್ರ ಕೇಳಲಿಲ್ಲ.

ಅವಳನ್ನು ಕಾಪಾಡಿದ್ದು ಸಾರ್ಜಂಟಿನ ಟಿಪ್ಪಣಿ ಪುಸ್ತಕ. ಪೊಲೀಸಿನವರ ಕೈಯಲ್ಲಿ ಅದೊಂದು ಇರಲೇಬೇಕಲ್ಲ. ಎರಡು ವರ್ಷದಿಂದ ಅದರ ತುಂಬ ಅವಳದೇ ಮಾತುಗಳು, ದಪ್ಪ ಅಕ್ಷರದಲ್ಲಿ. ನೋಡುವವರಿಗೆ, ಎಷ್ಟು ಅಚ್ಚುಕಟ್ಟಿನ ನಟಿ, ಪುಸ್ತಕ ನೋಡಿಯೇ ಸಾಕ್ಷಿಗಳನ್ನು ಪ್ರಶ್ನಿಸುತ್ತಾಳೆ ಎನಿಸುತ್ತಿತ್ತು. ಒಂದು ಪತ್ರಿಕೆ ಅದನ್ನು ಹೊಗಳಿಯೂ ಬರೆದಿತ್ತು.

ಗುಲಾಬಿ ಹಾಳೆಯ ಮಾತನ್ನೂ ಅವಳು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಪುಸ್ತಕಕ್ಕೆ ಇಳಿಸಿಕೊಂಡಳು. ಅವಸರಕ್ಕೆ ಅಕ್ಷರ ಸೊಟ್ಟಗಾದವು. ಹೊರಗೆ ಬರುವಷ್ಟರಲ್ಲಿ ನಿರ್ದೇಶಕ ಕೀರನ್ ಎದುರಾದ. ಮೂವತ್ತರ ಹುಡುಗು ಬುದ್ಧಿಯ ಮನುಷ್ಯ, ಒಳ್ಳೆಯವನೇ. ಶವಾಗಾರದ ದೃಶ್ಯದಲ್ಲಿ ಬೆತ್ ಎರಡೂ ಕೈಯಿಂದ ಹೊದಿಕೆ ಎತ್ತಿ ಹೆಣ ತೋರಿಸಿದರೆ ಚೆನ್ನ, ಪುಸ್ತಕ ಬೇಡ ಎಂದ. ಲೋರ್ನಾ ವಾದ ಮಾಡಿದಳು. ಸಾರ್ಜಂಟು ಪುಸ್ತಕವಿಲ್ಲದೆ ನಿಲ್ಲುವುದುಂಟೇ ಎಂದಳು, ಇಪ್ಪತ್ತಾರು ವರ್ಷದ ಪದ್ಧತಿ ಎಂದಳು. ಇಪ್ಪತ್ತಾರು ವರ್ಷ ಹೊತ್ತದ್ದು ಸಾಕು, ಇವತ್ತೊಂದು ದಿನ, ಪಾಪ, ಅದಕ್ಕೆ ರಜ ಕೊಡಿ ಎಂದು ಅವನು ನಗುತ್ತಾ ಅದನ್ನು ಅವಳ ಕೈಯಿಂದ ತೆಗೆದುಕೊಂಡೇ ಬಿಟ್ಟ. ಅವಳ ಬೆನ್ನಿನಲ್ಲಿ ಬೆವರು ಇಳಿಯಿತು. ಹುಷಾರಿಲ್ಲ ಎಂದು ಮನೆಗೆ ಹೋಗಿಬಿಡಲೇ ಎಂದುಕೊಂಡಳು. ಹೊಸಬನ ಮೊದಲ ದಿನ ಹಾಗೆ ಹೋದರೆ ಎಲ್ಲರ ಕಣ್ಣೂ ತನ್ನ ಮೇಲೆಯೇ ಬೀಳುತ್ತದೆಂದು ಹೆದರಿ ಅದನ್ನೂ ಬಿಟ್ಟಳು.

ಕಂಪನಿಯವರು ಊಟದ ಕೋಣೆ ಮಾಡಿಕೊಂಡಿದ್ದ ಹಳೆಯ ಬಸ್ಸಿನ ಮೇಲಂತಸ್ತಿನಲ್ಲಿ ಟೀ ಮುಂದಿಟ್ಟುಕೊಂಡು ಗುಲಾಬಿ ಹಾಳೆ ಓದುತ್ತಿದ್ದಳು. ಒಂದು ಸಾಲು ಒಳಗೆ ಹೋದರೆ ಇನ್ನೊಂದು ಹೊರಗೆ ಬೀಳುತ್ತಿತ್ತು. ಅಷ್ಟರಲ್ಲಿ ಹೊಸ ಇನ್‌ಸ್ಪೆಕ್ಟರ್ ಬಂದು ಎದುರಿಗೆ ಕೂತ. ಡ್ಯೂಗಲ್ ಓರ್, ನಲವತ್ತರವನು, ಕೈಯಲ್ಲಿ ಚೌಕ ಸಾಸೇಜಿಟ್ಟ ಬನ್ನು, ಒಂದು ತುತ್ತೂ ಕಚ್ಚಿರಲಿಲ್ಲ.

‘ಗಂಟ್ಲಲ್ಲಿ ಇಳೀತಾನೇ ಇಲ್ಲ,’ ಎಂದ ಅವನು. ‘ಯೂವರ್ಟ್ ಹೋದಾಗ ನಮ್ಮಜ್ಜಿ ಆ ಭಾನುವಾರ ಒಲೇನೇ ಹಚ್ಚಲಿಲ್ಲ, ಗೊತ್ತಾ? ಈಗ ನಾನು ಆ ಜಾಗದಲ್ಲಿ ನಿಲ್ಬೇಕು. ಊರವರು ನನ್ನ ಸುಲಿದು ಹಾಕ್ತಾರೆ.’

ಊರವರು ಎರಡನೆಯವನನ್ನೂ ಎರಡು ವರ್ಷ ಸುಲಿದಿದ್ದರು, ಆಮೇಲೆ ಅವನಿಲ್ಲದೆ ಆಗುತ್ತಿರಲಿಲ್ಲ ಎಂದು ಲೋರ್ನಾ ಸಮಾಧಾನ ಹೇಳಿದಳು. ಹೇಳುವಾಗ ಎದುರಿಗೆ ಕೂತವನ ಹೆಸರು ಮರೆತು ಬರಿದೇ ‘ಕಂದಾ’ ಎಂದಳು.

‘ನೀವಿದೀರಲ್ಲ, ಅದೇ ಧೈರ್ಯ. ನಾನೆಲ್ಲಾದ್ರೂ ತಡವರಿಸಿದ್ರೆ ಮಾತು ನೀವೇ ಎತ್ಕೊಂಡ್ಬಿಡಿ,’ ಎಂದು ಅವನು ಅವಳ ಕೈ ಹಿಡಿದುಕೊಂಡ. ಅವನ ಕೈ ತಣ್ಣಗಿತ್ತು. ಅವಳದು ಅದಕ್ಕಿಂತ ತಣ್ಣಗಿತ್ತು.

ಶವಾಗಾರವೆಂದರೆ ಗೋದಾಮಿನ ಹಿಂದಿನ ಮೂಲೆ, ಬಿಳಿ ಟೈಲ್ಸ್ ಅಂಟಿಸಿದ ಹಲಗೆ ಗೋಡೆ. ಮೇಜಿನ ಮೇಲೆ ಹೆಣವಾಗಿ ಮಲಗಿದ್ದ ಮುದುಕ ಆಗಲೇ ಸಣ್ಣಗೆ ಗೊರಕೆ ಹೊಡೆಯುತ್ತಿದ್ದ, ಅವನನ್ನು ತಟ್ಟಿ ಎಬ್ಬಿಸಿ ಸಾಯಲು ಹೇಳಿದರು. ಕ್ಯಾಮೆರಾದ ಪಕ್ಕದ ಕುರ್ಚಿಯಲ್ಲಿ ಸೆಂಗಾ ಕೂತಳು. ಮೊದಲ ವರ್ಷದಿಂದಲೂ ಇದ್ದವಳು. ಯಾರ ಕೈ ಎಲ್ಲಿತ್ತು, ಯಾವ ಗುಂಡಿ ಬಿಚ್ಚಿತ್ತು, ಯಾರು ಯಾವ ಮಾತನ್ನು ಹೇಗೆ ಆಡಿದರು ಎಂದು ಪೆನ್ಸಿಲ್ಲಿನಲ್ಲಿ ಬರೆದಿಡುವುದು ಅವಳ ಕೆಲಸ. ಒಂದೇ ದೃಶ್ಯವನ್ನು ಆ ಕಡೆಯಿಂದ, ಈ ಕಡೆಯಿಂದ ಐದಾರು ಸಲ ತೆಗೆಯುತ್ತಾರೆ, ಪ್ರತಿ ಸಲವೂ ಎಲ್ಲ ಅಚ್ಚೊತ್ತಿದ ಹಾಗೆ ಅದೇ ಇರಬೇಕು.

ಲೋರ್ನಾಗೆ ಇದ್ದದ್ದು ಮೂರೇ ಮಾತು. ಹೆಣ ಕಾಲುವೆಯಲ್ಲಿ ಸಿಕ್ಕಿದ್ದು, ಹೆಸರು ಗೊತ್ತಾಗದ್ದು, ಹೊಸ ಸಾಹೇಬರನ್ನು ಎಲ್ಲರೂ ಕಾಯುತ್ತಿದ್ದದ್ದು. ಕೀರನ್ ‘ಆಕ್ಷನ್’ ಎಂದ. ಡ್ಯೂಗಲ್ ಬಾಗಿಲು ತಳ್ಳಿ ಒಳಗೆ ಬಂದ. ಅವಳು ಹೊದಿಕೆ ಎತ್ತಿದಳು. ‘ಕಾಲುವೇಲಿ ಸಿಕ್ಕಿದ್ದು,’ ಎಂದಳು. ಆಮೇಲೆ ದೀಪ ಆರಿಸಿದ ಹಾಗೆ ಒಳಗೆಲ್ಲ ಕತ್ತಲೆಯಾಯಿತು. ತನ್ನ ಬಾಯಿ ಏನೋ ಆಡುವುದು ಅವಳಿಗೆ ದೂರದಿಂದ ಕೇಳಿಸಿತು. ಯಾರೋ ಉತ್ತರ ಕೊಟ್ಟರು. ಕೀರನ್ ‘ಕಟ್’ ಎಂದಾಗ ಕತ್ತಲೆ ಸರಿಯಿತು.

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಮುಗಿಯಿತು, ಸಿಕ್ಕಿಬಿದ್ದೆ ಎಂದುಕೊಂಡಳು ಲೋರ್ನಾ. ಮೇಜಿನ ಅಂಚು ಹಿಡಿದುಕೊಂಡಳು. ಡ್ಯೂಗಲ್ ಕಣ್ಣೊರೆಸಿಕೊಳ್ಳುತ್ತಿದ್ದ. ದೀಪದ ಕೆಲಸದ ದಾಂಡಿಗನೊಬ್ಬ ಏಣಿಯ ಮೇಲಿಂದ ‘ಪರವಾಗಿಲ್ಲ’ ಎಂದ. ಗ್ಲಾಸ್ಗೋದವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಬರುವುದು ಯಾರಾದರೂ ಸತ್ತಾಗ ಮಾತ್ರ. ಕೀರನ್ ಓಡಿ ಬಂದು ಅವಳ ಎರಡೂ ಭುಜ ಹಿಡಿದ.

‘ಎಲ್ಲಿಂದ ತಂದ್ರಿ ಅದನ್ನ? ಯಾರ್ ಬರೆದ್ರೂ ಅಂಥದ್ದು ಬರಲ್ಲ. ಈಗ ಕ್ಯಾಮೆರಾ ಪೂರ್ತಿ ನಿಮ್ಮ ಮುಖದ ಮೇಲೆ. ಅದೇ ಥರ ಇನ್ನೊಂದು ಸಲ, ಒಂದಕ್ಷರ ಆಚೀಚೆ ಬೇಡ.’

ಲೋರ್ನಾ ನಕ್ಕಳು. ಬಾಯಿ ಒಣಗಿ ತುಟಿ ಹಲ್ಲಿಗಂಟಿತು. ತಾನು ಏನಂದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಸುತ್ತಲಿದ್ದ ಮೂವತ್ತು ಜನಕ್ಕೂ ಗೊತ್ತಿತ್ತು, ಹೆಣಕ್ಕೂ ಗೊತ್ತಿತ್ತು, ಅವಳೊಬ್ಬಳಿಗೇ ಇಲ್ಲ. ಯಾರನ್ನು ಕೇಳುವುದು? ಆಡಿದವಳೇ ಏನಾಡಿದೆ ಎಂದು ಕೇಳಿದರೆ ಆಯಿತಲ್ಲ ಕಥೆ. ಎಲ್ಲರೂ ‘ಆ ಮಾತು’, ‘ಆ ಮಾತು’ ಎನ್ನುತ್ತಿದ್ದರೇ ಹೊರತು ಒಬ್ಬರೂ ಅದನ್ನು ಬಾಯಿಬಿಟ್ಟು ಆಡಲಿಲ್ಲ. ದೀಪಗಳನ್ನು ಸರಿಸುವ ಹತ್ತು ನಿಮಿಷ ಅವಳು ಗೋಡೆಗೆ ಒರಗಿ ನಿಂತು, ಕಳ್ಳಿಯ ಹಾಗೆ ಕಿವಿಗೊಟ್ಟು ಕೇಳಿದಳು. ಏನೂ ಸಿಗಲಿಲ್ಲ.

ಆಗ ಸೆಂಗಾ ತನ್ನ ದಾಖಲೆ ಪುಸ್ತಕ ಹಿಡಿದು ಬಂದಳು. ಎಲ್ಲರಿಗೂ ಓದಿ ಹೇಳುವ ಹಾಗೆ, ಸಹಜವಾದ ದನಿಯಲ್ಲಿ ಶುರುಮಾಡಿದಳು.

‘ಎರಡೂ ಕೈಲಿ ಹೊದಿಕೆ. ಅವನು ಮೂರನೇ ಹೆಜ್ಜೆ ಇಟ್ಟಾಗ ನೀನು ತಲೆ ಎತ್ತಿದೆ. “ಎಲ್ಲೋಗಿದ್ರಿ ರೆನ್ನಿ ಸರ್? ನಿಮ್ಮ ಟೀ ಆರೋಯ್ತು” ಅಂದೆ. ಅವನು “ನಾನು ರೆನ್ನಿ ಅಲ್ಲ, ಸಾರ್ಜಂಟ್” ಅಂದ.’

ಲೋರ್ನಾ ಅವಳ ಮುಖ ನೋಡಿದಳು. ನೋಡಿದ ಕೂಡಲೆ ಇವಳಿಗೆ ಗೊತ್ತಿದೆ ಎಂದು ತಿಳಿಯಿತು. ಪುಟದ ಅಂಚಿನಲ್ಲಿ, ತನ್ನ ಮಾತುಗಳ ಪಕ್ಕದಲ್ಲಿ ಮಾತ್ರ, ತಪ್ಪಿದಲ್ಲೆಲ್ಲ ಎಳೆದ ಸಣ್ಣ ಸಣ್ಣ ಪೆನ್ಸಿಲ್ ಗೀಟು ಇತ್ತು. ಹಿಂದಿನ ಪುಟದಲ್ಲೂ ಇತ್ತು.

‘ಯಾವಾಗಿಂದ?’ ಎಂದಳು ಪಿಸುದನಿಯಲ್ಲಿ.

‘ಹೋದ್ ವರ್ಷದ್ ಹಿಂದಿನ ವರ್ಷದಿಂದ. ಯಾರಿಗೂ ತೋರ್ಸಿಲ್ಲ ಕಣೇ. ಸಂಜೆ ನನ್ ಜೊತೆ ಡಾಕ್ಟರ್ ಹತ್ರ ಬರ್ತೀಯ. ಇಲ್ಲ ಅಂತ ಮಾತ್ರ ಅನ್ಬೇಡ.’

‘ಬರ್ತೀನಿ. ಈ ಒಂದ್ ದಿನ ದಾಟಿಸ್ಬಿಡು ನನ್ನ.’

ಎರಡನೇ ಸಲ ಅವಳು ಮಾತನ್ನು ತಪ್ಪದೆ ಆಡಿದಳು. ಕೀರನ್ ಮುಖ ಸಪ್ಪಗಾಯಿತು. ಮೂರನೇ ಸಲ ದನಿ ತಗ್ಗಿಸಿದಳು, ನಾಲ್ಕನೇ ಸಲ ಕಣ್ಣಲ್ಲಿ ನೀರು ತಂದಳು. ನಲವತ್ತು ವರ್ಷದಲ್ಲಿ ಕಲಿತ ಕಸುಬನ್ನೆಲ್ಲ ಸುರಿದಳು. ಎಲ್ಲವೂ ಚೆನ್ನಾಗಿದೆ, ಆದರೆ ಮೊದಲಿನದು ಬೇರೆ ಎಂದ ಅವನು, ಬಹಳ ಮರ್ಯಾದೆಯಿಂದ. ಬೇರೆ ಏಕೆಂದು ಆ ಕೋಣೆಯಲ್ಲಿ ಇಬ್ಬರಿಗೇ ಗೊತ್ತಿತ್ತು. ಮರೆವನ್ನು ನಟಿಸುವುದು ಅವಳಿಗೆ ಬರುತ್ತಿರಲಿಲ್ಲ. ಐದನೇ ಸಲಕ್ಕೆ ನಿಂತಾಗ ಎದೆ ಎಷ್ಟು ಹೊಡೆದುಕೊಳ್ಳುತ್ತಿತ್ತೆಂದರೆ ಕೊರಳಿನ ಮೈಕು ಅದನ್ನು ಹಿಡಿದೀತೆಂದು ಅಂಗೈಯನ್ನು ಅಡ್ಡ ಒತ್ತಿಕೊಂಡಳು. ಈ ಸಲ ಆಗದಿದ್ದರೆ ಚಿತ್ರೀಕರಣ ನಿಲ್ಲಿಸಿಬಿಡುತ್ತಾರೆ, ಏನಾಯಿತೆಂದು ಕೂರಿಸಿ ಕೇಳುತ್ತಾರೆ, ಕೇಳಿದರೆ ಅತ್ತುಬಿಡುತ್ತೇನೆ ಎನಿಸಿತು. ದೇವರೇ, ಇದೊಂದು ಸಲ ಎಂದುಕೊಂಡಳು.

ಬಾಗಿಲು ತೆರೆಯಿತು. ಅವಳು ಹೊದಿಕೆ ಎತ್ತಿ ತಲೆ ಎತ್ತಿದಳು.

ಬಾಗಿಲಲ್ಲಿ ಯೂವರ್ಟ್ ನಿಂತಿದ್ದ. ಕೋಟಿನ ಕಾಲರು ಎತ್ತಿಕೊಂಡು, ಮಳೆಯಲ್ಲಿ ನೆನೆದು, ಎಂದಿನ ಹಾಗೆ ತಡವಾಗಿ. ಎಷ್ಟು ಹೊತ್ತಿನಿಂದ ಕಾದಿದ್ದಳೋ, ಅವಳಿಗೆ ಸಿಟ್ಟೂ ಬಂತು, ಖುಷಿಯೂ ಆಯಿತು. ಎಲ್ಲಿಗೆ ಹೋಗಿದ್ದೆ, ಟೀ ಆರಿಹೋಯಿತಲ್ಲ ಎಂದು ಗದರಿದಳು. ತಾನು ರೆನ್ನಿಯಲ್ಲ ಎಂದ ಅವನು. ಯೂವರ್ಟ್ ಯಾವಾಗಲೂ ಹೀಗೇ ರೇಗಿಸುತ್ತಿದ್ದವನು. ಅವಳಿಗೆ ನಗು ಬಂತು.

ಕೀರನ್ ‘ಕಟ್’ ಎಂದ. ಈ ಸಲ ಚಪ್ಪಾಳೆಯೇ ಬಿತ್ತು. ಹೆಣ ಎದ್ದು ಕೂತು ಚಪ್ಪಾಳೆ ತಟ್ಟಿತು. ಇದೇ, ಇದೇ ಬೇಕಾಗಿದ್ದದ್ದು ಎಂದು ಕೀರನ್ ಕುಣಿಯುತ್ತಿದ್ದ. ಲೋರ್ನಾ ಎಲ್ಲರ ಕಡೆಗೂ ನೋಡಿ ನಕ್ಕಳು. ಮೈ ಹಗುರಾಗಿತ್ತು. ಬೆಳಗಿನಿಂದ ಯಾವುದಕ್ಕೋ ತುಂಬ ಹೆದರಿದ್ದೆನಲ್ಲ ಎಂದು ಅನಿಸಿತು. ಯಾವುದಕ್ಕೆಂದು ಯೋಚಿಸಿದಳು, ಹೊಳೆಯಲಿಲ್ಲ, ಹೋಗಲಿ ಎಂದು ಬಿಟ್ಟಳು.

ಸೆಂಗಾ ಹತ್ತಿರ ಬಂದು, ದಾಟಿಬಿಟ್ಟೆ ಕಣೇ, ಇನ್ನು ಹೊರಡೋಣ ಎಂದಳು.

‘ನಿಲ್ಲೇ, ಯೂವರ್ಟ್‌ಗೆ ಬಿಸಿಯಾಗಿ ಒಂದು ಟೀ ಮಾಡ್ಕೊಡು ಮೊದ್ಲು,’ ಎಂದಳು ಲೋರ್ನಾ. ‘ಪಾಪ, ಪೂರ್ತಿ ನೆನೆದಿದ್ದಾನೆ.’

ಎರಡು ಹೆಜ್ಜೆಯಾಚೆ ಒಣ ಕೋಟಿನಲ್ಲಿ ನಿಂತಿದ್ದ ಡ್ಯೂಗಲ್‌ನ ಮುಖದಲ್ಲಿದ್ದ ನಗು ಹಾಗೇ ನಿಂತುಹೋಯಿತು. ಅವನು ಸೆಂಗಾಳನ್ನು ನೋಡಿದ. ಸೆಂಗಾ ತಲೆಯಾಡಿಸಿ ಅವನ ಬಾಯಿ ಮುಚ್ಚಿಸಿದಳು.

‘ಮಾಡ್ಕೊಡ್ತೀನಿ,’ ಎಂದಳು. ‘ನೀನೂ ಬಾ ನನ್ ಜೊತೆ.’

ಲೋರ್ನಾ ಮಗುವಿನ ಹಾಗೆ ಕೈ ಕೊಟ್ಟು ಹೊರಟಳು. ಆ ಕೈ ಬೆಚ್ಚಗೆ, ನೆಮ್ಮದಿಯಾಗಿತ್ತು. ನಡುಗುತ್ತಿದ್ದದ್ದು ಸೆಂಗಾಳ ಕೈ.