ಬಲಕ್ಕೆ ಹೋಗದ ನೋಟ

ಗಚ್ಚಿಬೌಲಿಗೆ ದಿನಕ್ಕೊಂದು ಕಂಪನಿ ಬರುತ್ತಿದ್ದ ಕಾಲವದು. ಅಂಥದೊಂದು ಕಂಪನಿಯ ಸರ್ವರ್ ಕೋಣೆಯ ಬಾಗಿಲು ಬೀಗದ ಕೈಗೂ ಬೆರಳಿಗೂ ತೆರೆಯುತ್ತಿರಲಿಲ್ಲ. ಪಕ್ಕದ ಪರದೆಯ ಮೇಲೆ ಹಸಿರು ಚುಕ್ಕಿಯೊಂದು ಅತ್ತಿತ್ತ ಓಡುತ್ತಿತ್ತು. ಕಣ್ಣು ಅದನ್ನು ಹಿಂಬಾಲಿಸುವ ರೀತಿಯಿಂದಲೇ ಯಂತ್ರ ಮನುಷ್ಯರನ್ನು ಗುರುತಿಸುತ್ತಿತ್ತು. ಕಾವಲಿನ ಮೇಲಧಿಕಾರಿ ವಿಠಲನಿಗೆ ಈ ಏರ್ಪಾಟು ಬಹಳ ಹಿಡಿಸಿತ್ತು. ಮನುಷ್ಯರನ್ನು ನಂಬುವ ಅಭ್ಯಾಸ ಅವನಿಗೆ ಮೊದಲಿನಿಂದಲೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ಕಸ ಗುಡಿಸುವ ಗದಿಗೆಮ್ಮ ಚುಕ್ಕಿಯನ್ನು ನೋಡಿದಳು. ಕೆಂಪು ದೀಪ ಹತ್ತಿತು. ಮತ್ತೆ ನೋಡಿದಳು, ಮತ್ತೆ ಕೆಂಪು.

“ಖರೇ ಹೇಳು, ನೀ ಯಾರು? ಗದಿಗೆಮ್ಮನ ತಂಗಿಯೇನು?” ಎಂದ ವಿಠಲ.

“ನಾನ ಗದಿಗೆಮ್ಮ ಅದೀನ್ರಿ ಸಾಹೇಬ್ರ. ದಿನಾ ನೋಡ್ತೀರಲ್ರಿ ನನ್ನ ಮಾರಿ.”

“ಮಾರಿ ಮ್ಯಾಲ ಭರೋಸಾ ಇದ್ದಿದ್ರ ಈ ಮಷೀನ್ ಯಾಕ ತರತಿದ್ರು? ಒಬ್ಬಾಕಿ ಪಾಸಿನ ಮ್ಯಾಲ ಇನ್ನೊಬ್ಬಾಕಿ ಬರೂದು ನನಗೇನ್ ಹೊಸಾದಲ್ಲ.”

ಪಾಸನ್ನು ಕಸಿದುಕೊಂಡ. ಇಂದೇ ತಾನು ಯಾರೆಂದು ತೋರಿಸದಿದ್ದರೆ ಕೆಲಸವೂ ಇಲ್ಲ, ಠಾಣೆಯೂ ತಪ್ಪಿದ್ದಲ್ಲ ಎಂದ.

ಅವಳನ್ನು ಕೆಲಸಕ್ಕೆ ಸೇರಿಸಿದ್ದ ಮೇಸ್ತ್ರಿ ಬೂದೆಪ್ಪ ಅವಳ ಗಂಡನ ಅಣ್ಣ. ದಿನವೂ ಬಾಗಿಲವರೆಗೆ ಬಂದು, ಅವಳು ಒಳಗೆ ಹೋದ ಮೇಲೆ ಹೊರಡುತ್ತಿದ್ದವನು ಅಂದು ಊರಿನ ಇನ್ನೊಂದು ತುದಿಯ ಜೀಡಿಮೆಟ್ಲಾಕ್ಕೆ ಹೋಗಿದ್ದ. ಗುರುತು ಹೇಳಲೆಂದು ಫೋನ್ ಮಾಡಿ ಕರೆಸಿದರು. ಬೂದೆಪ್ಪ ಬಂದು ಪರದೆಯ ಬಲಕ್ಕೆ ನಿಂತ. ಗದಿಗೆಮ್ಮ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಚುಕ್ಕಿಯನ್ನು ನೋಡಿದಳು. ಬಾಗಿಲು ತೆರೆಯಿತು.

ವಿಠಲನ ಸಂಶಯ ಕರಗಲಿಲ್ಲ. ಮೇಸ್ತ್ರಿಯ ಕಡೆ ತಿರುಗಿತು.

“ಏನ್ ಗಾರುಡಿ ಮಾಡೀಯೋ? ಕಿಸೆದಾಗ ಏನೈತಿ, ತೆಗಿ.”

ತಂಬಾಕಿನ ಚೀಲ, ಸುಣ್ಣದ ಡಬ್ಬಿ ಹೊರಬಂದವು. “ನೀವೂ ಹಾಕ್ಕೋತೀರೇನ್ರಿ?” ಎಂದ ಬೂದೆಪ್ಪ.

ವಿಠಲ ಅವನನ್ನು ಗೋಡೆಯಾಚೆ ಕಳುಹಿಸಿ ನೋಡಿದ: ಕೆಂಪು. ಮತ್ತೆ ಕರೆದು ನಿಲ್ಲಿಸಿದ. ಈ ಸಲ ಯಂತ್ರವನ್ನು ಬಿಟ್ಟು ಹೆಂಗಸಿನ ಕಣ್ಣನ್ನೇ ಗಮನಿಸಿದ. ಚುಕ್ಕಿ ಬಲಕ್ಕೆ ಓಡಿದಾಗಲೆಲ್ಲ ಆ ನೋಟ ನಡುವೆಯೇ ನಿಂತು ನೆಲಕ್ಕಿಳಿಯುತ್ತಿತ್ತು.

“ಬಲಕ್ಕ ಯಾಕ ನೋಡವಲ್ಲಿ?”

“ಬಾವಾರು ನಿಂತಾರಲ್ರಿ. ಅವ್ರ ಮಾರಿ ನೋಡಬಾರದ್ರಿ ನಾವು. ಮೊದಲ ಮಷೀನಿನ್ಯಾಗ ನನ್ನ ಕಣ್ಣ ಬರಕೊಂಡ ದಿನಾನೂ ಅಲ್ಲೇ ನಿಂತಿದ್ರು.”

ಯಂತ್ರ ಆ ಸಂಕೋಚವನ್ನೇ ಅವಳ ಗುರುತೆಂದು ಕಲಿತುಕೊಂಡಿತ್ತು.

ಬೂದೆಪ್ಪ ಮೀಸೆ ತೀಡಿದ. “ನೋಡ್ರಿ, ಮನಿ ಮರ್ಯಾದಿ ಮಷೀನಿಗೂ ತಿಳದೈತಿ. ನಾ ದಿನಾ ಬಂದು ನಿಂದರತೀನಿ ಬಿಡ್ರಿ.”

ಗದಿಗೆಮ್ಮ ವಿಠಲನನ್ನು ನೋಡಿ ನುಡಿದಳು: “ಸಾಹೇಬ್ರ, ನನ್ನ ಕಣ್ಣ ಹೊಸದಾಗಿ ಬರಕೋರಿ. ಬಾವಾರಿಗೆ ಕೆಳಗ ಹೋಗಾಕ ಹೇಳ್ರಿ.”

ಒಂದು ಮಾರು ದೂರದಲ್ಲಿದ್ದ ಬೂದೆಪ್ಪ ಬೆಚ್ಚಿದ. “ಹಂಗಾದ್ರ ನಾಳಿಂದ ನಾ ಬಂದು ನಿಂತ್ರ ಬಾಗಿಲಾ ತೆರಿಯೂದುಲ್ಲ!”

“ತೆರಿಯೂದುಲ್ಲಂತ ಹೇಳ್ರಿ ಸಾಹೇಬ್ರ.”

ವಿಠಲ ಇಬ್ಬರನ್ನೂ ಸಂದೇಹದಿಂದ ಅಳೆದ. ಬೂದೆಪ್ಪನನ್ನು ತಾನೇ ಲಿಫ್ಟಿನೊಳಗೆ ನಿಲ್ಲಿಸಿ ಗುಂಡಿ ಒತ್ತಿದ. ಅವನು ನಿಜವಾಗಿ ಕೆಳಗಿಳಿದನೋ ಇಲ್ಲವೋ ಎಂದು ಬಾಗಿಲ ಮೇಲಿನ ಅಂಕಿ ಸೊನ್ನೆಗೆ ಬರುವವರೆಗೂ ಕಾದು, ಬಳಿಕವೇ ಯಂತ್ರದ ಕಡೆ ತಿರುಗಿದ.